ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಲು ಜಾಗ ಸಿಗುತ್ತಾ?

ಪ್ರಶ್ನೆ: ಜರ್ಮನಿಯಲ್ಲಿ ಕೆಲಸದಲ್ಲಿದ್ದೇನೆ. ಸರೋವರದಲ್ಲಿ ಹಾಯಿದೋಣಿ ನಡೆಸಲು ಕಲಿತಿದ್ದೇನೆ, ಸಮುದ್ರದ ಅನುಭವ ಇಲ್ಲ. ಯಾರದಾದರೂ ದೋಣಿಯಲ್ಲಿ ಕೆಲಸ ಮಾಡಿಕೊಂಡು ಅಟ್ಲಾಂಟಿಕ್ ದಾಟಬಹುದಾ?

ಉತ್ತರ: ಖಂಡಿತ ದಾಟಬಹುದು. ನವೆಂಬರ್ ಶುರುವಿನಲ್ಲೇ ಸ್ಪೇನ್‌ಗೆ ಸೇರಿದ ಗ್ರ್ಯಾನ್ ಕನೇರಿಯಾ ದ್ವೀಪದ ಲಾಸ್ ಪಾಲ್ಮಾಸ್ ಬಂದರಿಗೆ ಹೋಗಿ. ಕೆರಿಬಿಯನ್‌ನಲ್ಲಿ ಚಂಡಮಾರುತದ ಕಾಲ ಮುಗಿಯುತ್ತಾ ಬರುವ ಹೊತ್ತಿಗೆ ನೂರಾರು ದೋಣಿಗಳು ಅಲ್ಲಿಂದ ಹೊರಡುತ್ತವೆ. ಕೆರಿಬಿಯನ್‌ನ ಸೇಂಟ್ ಲೂಸಿಯಾ ದ್ವೀಪಕ್ಕೆ ಸುಮಾರು 2,700 ನಾಟಿಕಲ್ ಮೈಲಿ, ಹೆಚ್ಚುಕಡಿಮೆ ಮೂರು ವಾರದ ದಾರಿ. ಜೆಟ್ಟಿ ಮೇಲೆ ಓಡಾಡಿ, ನೇರವಾಗಿ ಕೇಳಿ. ರಾತ್ರಿ ಕಾವಲಿಗೆ ಇನ್ನೊಬ್ಬರು ಬೇಕು ಅನ್ನುವ ದಂಪತಿಗಳು ಇರುತ್ತಾರೆ. ಅಡುಗೆ ಬರುವುದಾದರೆ ಮೊದಲೇ ಹೇಳಿ, ವಾಲಾಡುವ ದೋಣಿಯಲ್ಲಿ ಬಿಸಿ ಅನ್ನ ಸಾರು ಮಾಡಿ ಬಡಿಸುವವರಿಗೆ ಬೆಲೆ ಜಾಸ್ತಿ.

ಆದರೆ ಕರೆದ ತಕ್ಷಣ ಹತ್ತಬೇಡಿ. ಒಂದು ದಿನವಾದರೂ ಅವರ ಜೊತೆ ಸುಮ್ನೆ ಹಾಯಿ ಬಿಚ್ಚಿ ಸುತ್ತಾಡಿ ಬನ್ನಿ, ಕಪ್ತಾನ ಮಾತುಮಾತಿಗೂ ರೇಗುವವನಾ, ಕುಡಿಯುವವನಾ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಲೈಫ್‌ರಾಫ್ಟ್ (ದೋಣಿ ಮುಳುಗಿದರೆ ಹತ್ತಿಕೊಳ್ಳುವ ತೆಪ್ಪ) ಮೇಲಿನ ತಪಾಸಣೆಯ ದಿನಾಂಕ ಓದಿ. ಲೈಫ್‌ಜಾಕೆಟ್ ಹಾಕಿಕೊಂಡು, ತೊಡೆ ಸಂದಿನ ಪಟ್ಟಿ ಬಿಗಿದು ನೋಡಿ. ರಾತ್ರಿ ಡೆಕ್‌ಗೆ ಬಂದಾಗ ಮೈಗೆ ಕಟ್ಟಿದ ಸುರಕ್ಷತಾ ಪಟ್ಟಿಯ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಿಕೊಳ್ಳಲೇಬೇಕು ಅನ್ನುವ ನಿಯಮ ಇದೆಯಾ ಕೇಳಿ; ಅದೆಲ್ಲ ಬೇಡ ಅಂದರೆ ಇಳಿದುಬಿಡಿ, ಸಂಕೋಚ ಬೇಡ.

ಊಟದ ಖರ್ಚು ಹಂಚಿಕೊಳ್ಳುವುದು ರೂಢಿ. ಭಾರತದ ಪಾಸ್‌ಪೋರ್ಟ್ ಅಲ್ವಾ, ಇಳಿಯುವ ದ್ವೀಪದ ವೀಸಾ ನಿಯಮ ಮೊದಲೇ ವಿಚಾರಿಸಿ, ಅಲ್ಲಿಂದ ವಾಪಸ್ ಬರುವ ವಿಮಾನದ ಟಿಕೆಟ್ ಅಥವಾ ಅದಕ್ಕೆ ಬೇಕಾದ ದುಡ್ಡು ಕೈಯಲ್ಲಿರಲಿ.