ಮಾತಾಡದ ಪಾಳೇಗಾರ, ಮಾತಿನ ಮಲ್ಲಿ: ಮಧುಗಿರಿ ಸೀಮೆಯ ಪ್ರೇಮಕಥೆಯನ್ನು ನಂಬುವ ಹಾಗೆ ಬರೆಯೋದು ಹೇಗೆ?

ನಿಮ್ಮ ಕಾದಂಬರಿಯ ಕಾಲ 1670ರ ದಶಕ, ಜಾಗ ಮಧುಗಿರಿ. ಪಾಳೇಗಾರರ ಮನೆಯ ಮಿತಭಾಷಿ ಹುಡುಗ, ಯಾರಿಗೂ ಸೊಪ್ಪು ಹಾಕದ ಗೌಡರ ಮಗಳು. ಇಬ್ಬರೂ ಹತ್ತಿರವಾಗೋದನ್ನ ಹೇಗೆ ತೋರಿಸಲಿ, ಪ್ರೇಮಪತ್ರ ಬರೆಸಬಹುದಾ ಅಂತ ಕೇಳಿದ್ದೀರಿ. ಬರೆಸಬಹುದು. ಆದರೆ ಕಾಗದ, ಲಕೋಟೆ ಬೇಡ.

ಮೊದಲು ಅವನ ಮೌನಕ್ಕೆ ಕಾರಣ ಕೊಡಿ. ಹುಟ್ಟಿನಿಂದಲೇ ಗಂಭೀರ ಅಂದರೆ ಸಾಲದು. ಪಾಳೇಗಾರರ ಮನೆಯವನು ಆಡಿದ್ದೆಲ್ಲ ಅಪ್ಪಣೆ. ‘ಆ ಎತ್ತು ಚೆನ್ನಾಗಿದೆ’ ಅಂದರೆ ಸಂಜೆಯೊಳಗೆ ಯಾರೋ ಅದನ್ನ ಬಡವನ ಕೊಟ್ಟಿಗೆಯಿಂದ ಬಿಚ್ಚಿಕೊಂಡು ಬಂದಾರು. ಅಂಥವನು ಬಾಯಿ ಬಿಗಿಹಿಡಿಯೋದು ಸಹಜ. ಅವನ ಒಲವು ಕೆಲಸದಲ್ಲಿ ಕಾಣಬೇಕು, ಆ ಕೆಲಸದಿಂದ ಅವನಿಗೇ ಏನಾದರೂ ಲುಕ್ಸಾನಾಗಬೇಕು.

ಇದಕ್ಕೆ ನಮ್ಮ ಕಡೆ ಕೆರೆಗಿಂತ ಒಳ್ಳೆ ಜಾಗ ಇಲ್ಲ. ಅವಳ ಅಪ್ಪನ ಗದ್ದೆಯನ್ನ ಅಚ್ಚುಕಟ್ಟಿನ (ಕೆರೆ ನೀರು ಹರಿಯುವ ಜಮೀನಿನ) ಕೊನೆಗೆ ಇಡಿ, ಅವನದನ್ನ ತೂಬಿನ (ಕೆರೆಯಿಂದ ನೀರು ಬಿಡುವ ಕಂಡಿಯ) ಬುಡಕ್ಕೆ. ನೀರು ಬಿಡುವವನು ನೀರುಗಂಟಿ. ತೂಬಿನ ಕಲ್ಲುಕಂಬಗಳ ನಡುವಿನ ಗಳು (ಉದ್ದನೆಯ ಕೋಲು) ಎತ್ತಿದರೆ ತುದಿಯ ಬೆಣೆ ಕಂಡಿಯಿಂದ ಏಳುತ್ತೆ, ನೀರು ಕಾಲುವೆಗೆ ಹರಿಯುತ್ತೆ. ಮೇಲಿನ ಗದ್ದೆ ಕುಡಿದು ಮುಗಿಸುವಷ್ಟರಲ್ಲಿ ಕೊನೆಗೆ ಬರೀ ತೇವ. ಅವಳು ಕೆರೆ ಏರಿ ಮೇಲೆ ನಿಂತು ನೀರುಗಂಟಿಯನ್ನ ತರಾಟೆಗೆ ತಗೊಳ್ಳಲಿ. ದೊರೆ ಮನೆಯವನು ಅಲ್ಲೇ ಇರೋದು ಗೊತ್ತಿದ್ದೂ. ಅವನು ಉತ್ತರ ಕೊಡಬಾರದು. ಮರುದಿನ ತನ್ನ ಸರದಿಯ ಒಂದು ಜಾವ ಕೊನೆಯ ಗದ್ದೆಗೆ ಬಿಟ್ಟುಕೊಡಲಿ. ಇಲ್ಲಿ ಬರೆಯುವವರು ಎಡವೋದು ನಾಯಕನೇ ರಾತ್ರಿ ಹೋಗಿ ತೂಬು ಎತ್ತಿದ ಅಂತ ಮಾಡೋದರಲ್ಲಿ. ಅದು ನೀರುಗಂಟಿಯ ಹಕ್ಕಿಗೆ ಕೈಹಾಕಿದ ಹಾಗೆ, ಊರೇ ತಿರುಗಿಬೀಳುತ್ತೆ.

ಇನ್ನು ಪತ್ರ. ಆಗ ಲೆಕ್ಕಪತ್ರಕ್ಕೆ ಇದ್ದದ್ದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸಿ, ಅತ್ತಿತ್ತ ಮಡಚಿ ಹೊತ್ತಿಗೆಯ ಹಾಗೆ ಮಾಡ್ತಿದ್ದರು. ಬಳಪದಲ್ಲಿ ಬರೆದರೆ ಕಪ್ಪಿನ ಮೇಲೆ ಬಿಳಿ ಅಕ್ಷರ. ಒರೆಸಿದರೆ ಅಳಿಯುತ್ತೆ, ಮತ್ತೆ ಬರೆಯಬಹುದು. ಮಾತು ಬಾರದ ನಾಯಕನಿಗೆ ಹೇಳಿ ಮಾಡಿಸಿದ ಸಾಧನ ಇದು! ಮೂರು ಸಾಲು ಬರೆದು ಒರೆಸಿ ಕೊನೆಗೆ ‘ಕೊನೆ ಗದ್ದೆಗೆ ಒಂದು ಜಾವ’ ಅಂತ ಮಾತ್ರ ಉಳಿಸಲಿ. ಅವಳಿಗೆ ಓದು ಬರುತ್ತಾ ಅನ್ನೋದನ್ನ ಮೊದಲೇ ತೀರ್ಮಾನಿಸಿ. ಆ ಕಾಲದ ಗೌಡರ ಮನೆ ಹೆಣ್ಣುಮಗಳಿಗೆ ಅಕ್ಷರ ಬರುತ್ತಿತ್ತು ಅಂದರೆ ಕಲಿಸಿದವರು ಯಾರು ಅಂತ ಕಥೆ ಹೇಳಬೇಕು. ಬಾರದಿದ್ದರೆ ತಮ್ಮನೋ ಶಾನುಭೋಗರೋ ಗಟ್ಟಿಯಾಗಿ ಓದಿ ಹೇಳ್ತಾರೆ. ನಾನಾದರೆ ಓದು ಬಾರದವಳನ್ನೇ ಇಟ್ಟುಕೊಳ್ತೀನಿ: ಮನೆಮಂದಿಯೆಲ್ಲ ನೀರಿನ ಲೆಕ್ಕ ಅಂತ ಕೇಳಿಸಿಕೊಳ್ತಾರೆ, ಅವಳೊಬ್ಬಳಿಗೆ ಅರ್ಥವಾಗುತ್ತೆ.

ಅವಳು ಅವನನ್ನ ಕರೆಯೋದು ‘ಬುದ್ಧೀ’ ಅಂತ, ಒಡೆಯರನ್ನ ಗೌರವದಿಂದ ಕರೆಯೋ ಮಾತು ಅದು. ಜಗಳದಲ್ಲೂ ಆ ‘ಬುದ್ಧೀ’ ತಪ್ಪಬಾರದು, ಆಗಲೇ ಅದಕ್ಕೆ ಖಾರ. ಅದು ಬಿಟ್ಟುಹೋಗೋದು ಇಡೀ ಕಾದಂಬರಿಯಲ್ಲಿ ಒಂದೇ ಸಲ ಆಗಲಿ. ದಯವಿಟ್ಟು ಅವಳ ಕೈಗೆ ಕತ್ತಿ ಕೊಡಬೇಡಿ, ನಾಲಿಗೆ ಸಾಕು.

ಸಂಬಂಧದ ವಿಷಯದಲ್ಲಿ ಹುಷಾರು. ಕಥೆಯನ್ನ ಚಿಕ್ಕಬಳ್ಳಾಪುರದ ಕಡೆಗೆ ಒಯ್ದರೆ, ಅಲ್ಲಿಯ ಹುಡುಗನಿಗೆ ದೇವನಹಳ್ಳಿ ಪಾಳೇಗಾರರ ಹುಡುಗಿ ಆಗೋಲ್ಲ. ಎರಡೂ ಆವತಿ ನಾಡಪ್ರಭುಗಳ ವಂಶ, ದಾಯಾದಿಗಳು. ಮದುವೆ ಮಾತುಕತೆಯಲ್ಲಿ ವರದಕ್ಷಿಣೆ ಚೌಕಾಶಿಯೂ ಬೇಡ. ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ತೆರ (ವಧುದಕ್ಷಿಣೆ) ಕೊಡ್ತಿದ್ದರು, ಅದೂ ವರಹ, ಹಣದ ಲೆಕ್ಕದಲ್ಲಿ.

ಸಣ್ಣಪುಟ್ಟವು: ಟೊಮೇಟೊ, ಆಲೂಗಡ್ಡೆ, ಕಡಲೆಕಾಯಿ ಬೇಡ. ಬೇಲಿಯಲ್ಲಿ ಲಂಟಾನ ಬೇಡ, ಅದು ಬಂದದ್ದು 19ನೇ ಶತಮಾನದಲ್ಲಿ. ನಿಮಿಷದ ಬದಲು ಗಳಿಗೆ ಅನ್ನಿ (24 ನಿಮಿಷ). ಏಳೂವರೆ ಗಳಿಗೆಗೆ ಒಂದು ಜಾವ. ಊರಿನ ಹೆಸರು ಪಾತ್ರಗಳ ಬಾಯಲ್ಲಿ ಮದ್ದಗಿರಿ.

1678ರಲ್ಲಿ ಚಿಕ್ಕದೇವರಾಜ ಒಡೆಯರ ಮೈಸೂರು ಮಧುಗಿರಿಯನ್ನ ಗೆದ್ದುಕೊಂಡಿತು. ಅದಕ್ಕೆ ಒಂದು ವರ್ಷ ಮುಂಚೆ ಕಥೆ ಶುರು ಮಾಡಿ: ಹಸ್ತ, ಚಿತ್ತಾ ಮಳೆಗೆ ಕೆರೆ ಅರ್ಧವೇ ತುಂಬಲಿ, ಪುಷ್ಯಮಾಸದ ಹೊತ್ತಿಗೆ ನೀರಿನ ಜಗಳ ಏಳಲಿ. ಪೂರ್ತಿ ತುಂಬಿಸಿಬಿಟ್ಟರೆ ಅವಳಿಗೆ ಏರಿ ಹತ್ತೋ ಕಾರಣವೇ ಇರೋಲ್ಲ.