ಜರ್ಮನಿಯ ಸುದ್ದಿ ಓದಿದರೆ ಭಯವಾಗುತ್ತದೆ. ಅಲ್ಲಿರುವ ಭಾರತೀಯರಿಗೆ ನಿಜವಾಗಿ ಏನು ಬದಲಾಗಿದೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಉಕ್ರೇನ್ ಯುದ್ಧ, ವಲಸೆ ವಿರೋಧಿ ರಾಜಕೀಯ, ಕಾರು ಉದ್ಯಮದ ಉದ್ಯೋಗ ಕಡಿತ ಇವೆಲ್ಲ ಇಲ್ಲಿರುವ ಭಾರತೀಯರ ದಿನನಿತ್ಯದ ಬದುಕನ್ನು ಎಷ್ಟರಮಟ್ಟಿಗೆ ತಟ್ಟಿವೆ ಎಂಬುದು ಒಂದು. ಇಂಥ ಕಾಲದಲ್ಲಿ ಇಲ್ಲಿಗೆ ಹೊರಟು ಬರುವುದು ಸರಿಯೇ ಎಂಬುದು ಇನ್ನೊಂದು. ಯುದ್ಧ ಆರಂಭವಾಗುವುದಕ್ಕೆ ಮೊದಲಿನಿಂದಲೂ ನಾನು ದಕ್ಷಿಣ ಜರ್ಮನಿಯ ಒಂದು ನಗರದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದೇನೆ. ನಾನು ಕಂಡಂತೆ, ಟಿ.ವಿ.ಯಲ್ಲಿ ಅಬ್ಬರಿಸುವ ಘಟನೆಗಳು ವಲಸಿಗನ ಮನೆಗೆ ಬರುವ ಹೊತ್ತಿಗೆ ಅಬ್ಬರ ಕಳೆದುಕೊಂಡು, ಅಂಚೆಪೆಟ್ಟಿಗೆಯಲ್ಲಿ ಬಿದ್ದಿರುವ ಒಂದು ಕಾಗದವಾಗಿರುತ್ತವೆ. ಅದು ಬರುವುದೂ ತಿಂಗಳುಗಳು ಕಳೆದ ಮೇಲೆ, ಕೆಲವೊಮ್ಮೆ ವರ್ಷ ಕಳೆದ ಮೇಲೆ.

ಅನಿಲದ ಬಿಕ್ಕಟ್ಟನ್ನೇ ತೆಗೆದುಕೊಳ್ಳಿ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡುವ ಮೊದಲು ಜರ್ಮನಿ ಆಮದು ಮಾಡಿಕೊಳ್ಳುತ್ತಿದ್ದ ನೈಸರ್ಗಿಕ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ರಷ್ಯಾದಿಂದ ಬರುತ್ತಿತ್ತು. ಆ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ ನಾರ್ಡ್ ಸ್ಟ್ರೀಮ್ 1 ಕೊಳವೆಮಾರ್ಗದ ಪೂರೈಕೆ ನಿಂತುಹೋಯಿತು. ಸೆಪ್ಟೆಂಬರ್ 26ರಂದು ಬಾಲ್ಟಿಕ್ ಸಮುದ್ರದ ತಳದಲ್ಲಿ ಕೊಳವೆಗಳೇ ಸ್ಫೋಟಗೊಂಡವು. ಊರಿನಿಂದ ಫೋನ್ ಮಾಡಿದವರೆಲ್ಲ ಈ ಸಲದ ಚಳಿಯನ್ನು ಹೇಗೆ ಕಳೆಯುತ್ತೀರಿ ಎಂದು ಆತಂಕದಿಂದ ಕೇಳುತ್ತಿದ್ದರು. ಆ ಚಳಿಗಾಲದಲ್ಲಿ ನಮ್ಮ ಮನೆಯ ಹೀಟರ್ ಒಂದು ದಿನವೂ ಆರಲಿಲ್ಲ. ಸರ್ಕಾರಿ ಕಟ್ಟಡಗಳ ಕೊಠಡಿಗಳನ್ನು 19 ಡಿಗ್ರಿಗಿಂತ ಹೆಚ್ಚು ಕಾಯಿಸಬಾರದೆಂಬ ನಿಯಮ ಬಂದಿತ್ತು, ಅಷ್ಟೆ. ಪೆಟ್ಟು ಬಿದ್ದದ್ದು ಆಮೇಲೆ. ಇಲ್ಲಿ ಬಾಡಿಗೆಯ ಜೊತೆಗೆ ಬಿಸಿನೀರು, ಹೀಟಿಂಗ್ ಮೊದಲಾದವುಗಳಿಗೆ ಪ್ರತಿ ತಿಂಗಳೂ ಒಂದು ಅಂದಾಜು ಮೊತ್ತವನ್ನು ಮುಂಗಡವಾಗಿ ಕಟ್ಟುತ್ತೇವೆ. ವರ್ಷದ ನಿಜವಾದ ಲೆಕ್ಕವನ್ನು ಕಳುಹಿಸಲು ಮನೆ ಮಾಲೀಕರಿಗೆ ಇನ್ನೂ ಹನ್ನೆರಡು ತಿಂಗಳ ಕಾಲಾವಕಾಶವನ್ನು ಕಾನೂನೇ ಕೊಟ್ಟಿದೆ. ಹೀಗಾಗಿ 2022ರ ಯುದ್ಧದ ಬೆಲೆಯನ್ನು, ಟಿ.ವಿ.ಯವರು ಆ ವಿಷಯವನ್ನು ಬಹುತೇಕ ಮರೆತಿದ್ದ 2023ರ ಕೊನೆಯಲ್ಲಿ, ‘ನೇಬನ್‌ಕೋಸ್ಟನ್’ ಎಂಬ ಹೆಸರಿನ ಎರಡು ಪುಟದ ಲೆಕ್ಕಪತ್ರದ ಮೂಲಕ ಅನೇಕರು ತೆತ್ತರು. ಇಲ್ಲಿಗೆ ಬರುವವರಿಗೆಲ್ಲ ನಾನು ಕೊಡುವ ಸಲಹೆ, ಮೊದಲ ವರ್ಷ ಆ ಲೆಕ್ಕಕ್ಕೆಂದು ಸ್ವಲ್ಪ ಹಣ ಎತ್ತಿಡಿ ಎಂಬುದು.

ಅದೇ ಬಿಕ್ಕಟ್ಟಿನಿಂದ ಒಂದು ಒಳ್ಳೆಯದೂ ಆಯಿತು. ಬೆಲೆಯೇರಿಕೆಯ ಬಿಸಿ ತಣಿಸಲು 2022ರ ಜೂನ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೆ 9 ಯೂರೋ ಕೊಟ್ಟರೆ ದೇಶದಾದ್ಯಂತ ಸ್ಥಳೀಯ ರೈಲು, ಬಸ್ಸು, ಟ್ರಾಮ್‌ಗಳಲ್ಲಿ ಓಡಾಡುವ ಪಾಸ್ ಬಂದಿತು. ಜನರಿಗೆ ಅದು ಎಷ್ಟು ಹಿಡಿಸಿತೆಂದರೆ 2023ರ ಮೇ ತಿಂಗಳಲ್ಲಿ 49 ಯೂರೋಗಳ ಡಾಯ್ಚ್‌ಲಾಂಡ್ ಟಿಕೆಟ್ ಕಾಯಂ ಆಯಿತು. 2025ರ ಆರಂಭದಲ್ಲಿ 58, 2026ರ ಆರಂಭದಲ್ಲಿ 63 ಯೂರೋ ಆಗಿದೆ. ರೈಲುಗಳು ಸಮಯಕ್ಕೆ ಬರುತ್ತವೆಯೇ ಎಂದು ಮಾತ್ರ ಕೇಳಬೇಡಿ. 2024ರಲ್ಲಿ ದೂರಪ್ರಯಾಣದ ರೈಲುಗಳ ಪೈಕಿ ಸಮಯಕ್ಕೆ ತಲುಪಿದವು ಶೇ. 62.5 ಮಾತ್ರ, ಜರ್ಮನರ ಸಮಯಪಾಲನೆಯನ್ನು ಹೊಗಳುತ್ತಾ ಬೆಳೆದ ನಮ್ಮ ತಲೆಮಾರಿಗೆ ಇದು ದೊಡ್ಡ ನಿರಾಸೆ.

ಈಗ ನಿಮ್ಮನ್ನು ಹೆಚ್ಚು ಕಾಡುತ್ತಿರುವ ರಾಜಕೀಯದ ವಿಷಯಕ್ಕೆ ಬರುತ್ತೇನೆ. 2024ರ ನವೆಂಬರ್ 6ರಂದು ಚಾನ್ಸಲರ್ ಓಲಾಫ್ ಶೋಲ್ಟ್ಸ್ ತಮ್ಮ ಹಣಕಾಸು ಸಚಿವರನ್ನು ವಜಾ ಮಾಡುವುದರೊಂದಿಗೆ ಮೂರು ಪಕ್ಷಗಳ ಮೈತ್ರಿ ಮುರಿಯಿತು. 2025ರ ಫೆಬ್ರವರಿ 23ರ ಚುನಾವಣೆಯಲ್ಲಿ ವಲಸೆಯನ್ನು ಕಟುವಾಗಿ ವಿರೋಧಿಸುವ ಎಎಫ್‌ಡಿ ಪಕ್ಷವು ಶೇ. 20.8ರಷ್ಟು ಮತ ಪಡೆದು ಎರಡನೆಯ ಸ್ಥಾನಕ್ಕೇರಿತು. ಮೇ 6ರಂದು ಫ್ರೀಡ್ರಿಷ್ ಮೆರ್ಟ್ಸ್ ಚಾನ್ಸಲರ್ ಆದರು. ಐದು ಮತಗಳಲ್ಲಿ ಒಂದು ನಮ್ಮಂಥವರು ಕಡಿಮೆಯಾಗಲಿ ಎಂದು ಹೇಳುವ ಪಕ್ಷಕ್ಕೆ ಬಿದ್ದಿದೆ ಎಂಬ ಅರಿವು ಮರುದಿನ ಬೆಳಿಗ್ಗೆ ಟ್ರಾಮ್‌ನಲ್ಲಿ ಕುಳಿತವನನ್ನು ಸುಮ್ಮನೆ ಬಿಡುವುದಿಲ್ಲ. ಎದುರಿನ ಸಾಲಿನಲ್ಲಿ ಕುಳಿತ ಐವರನ್ನು ನೋಡಿ ಆ ಒಬ್ಬರು ಯಾರಿರಬಹುದು ಎಂದು ಯೋಚಿಸುವಂತಾಗುತ್ತದೆ. ಆದರೆ ಅದೇ ದೇಶದಲ್ಲಿ, ವಲಸಿಗರನ್ನು ಸಾಮೂಹಿಕವಾಗಿ ಹೊರಗಟ್ಟುವ ಕುರಿತು ಪಾಟ್ಸ್‌ಡ್ಯಾಮ್‌ನಲ್ಲಿ ಗುಟ್ಟಾಗಿ ಸಭೆ ನಡೆದಿತ್ತೆಂಬ ವರದಿ 2024ರ ಜನವರಿಯಲ್ಲಿ ಹೊರಬಿದ್ದಾಗ, ಲಕ್ಷಾಂತರ ಜರ್ಮನರು ಕೊರೆಯುವ ಚಳಿಯಲ್ಲಿ ಬೀದಿಗಿಳಿದರು. ಮ್ಯೂನಿಕ್‌ನಲ್ಲಿ ಜನಸಂದಣಿ ಮಿತಿಮೀರಿ ಮೆರವಣಿಗೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಈ ಎರಡರಲ್ಲಿ ಯಾವುದು ನಿಜವಾದ ಜರ್ಮನಿ ಎಂದು ಕೇಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಎರಡೂ ಒಂದೇ ಬೀದಿಯಲ್ಲಿ ವಾಸಿಸುತ್ತವೆ.

ಈ ಇಬ್ಬಂದಿತನ ಹೊಸದೂ ಅಲ್ಲ. 2000ದಲ್ಲಿ ಅಂದಿನ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಹೊರದೇಶಗಳ 20,000 ಐ.ಟಿ. ತಜ್ಞರಿಗೆ ‘ಗ್ರೀನ್ ಕಾರ್ಡ್’ ಕೊಡುವ ಯೋಜನೆ ತಂದಾಗ, ಆಗ ವಿರೋಧಪಕ್ಷವಾಗಿದ್ದ ಸಿಡಿಯುವಿನ ನಾಯಕ ಯುರ್ಗನ್ ರ‍್ಯೂಟ್‌ಗರ್ಸ್ ಅವರ ಪ್ರಚಾರ ಭಾರತೀಯರನ್ನು ಕರೆತರುವ ಬದಲು ನಮ್ಮ ಮಕ್ಕಳಿಗೇ ಕಲಿಸೋಣ ಎಂಬ ಧಾಟಿಯ ಘೋಷಣೆಯಿಂದ ಕುಖ್ಯಾತವಾಯಿತು. 2024ರ ಅಕ್ಟೋಬರ್‌ನಲ್ಲಿ ಶೋಲ್ಟ್ಸ್ ದೆಹಲಿಗೆ ಬಂದಾಗ, ನುರಿತ ಭಾರತೀಯ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವ ನಿರ್ಧಾರ ಪ್ರಕಟವಾಯಿತು. ವಯಸ್ಸಾಗುತ್ತಿರುವ ದೇಶಕ್ಕೆ ನಮ್ಮ ದುಡಿಮೆ ಬೇಕು, ಆದರೆ ನಾವು ಬಂದು ನೆಲೆಸುವುದು ಅದರ ಒಂದು ಭಾಗಕ್ಕೆ ಬೇಡ. ಪೂರ್ವದ ರಾಜ್ಯಗಳಲ್ಲಿ ಈ ಜಗ್ಗಾಟ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಎಎಫ್‌ಡಿಯ ಬಲ ಹೆಚ್ಚಿರುವ ಸ್ಯಾಕ್ಸನಿ ರಾಜ್ಯದ ಡ್ರೆಸ್ಡೆನ್‌ನಲ್ಲೇ ತೈವಾನಿನ ಟಿಎಸ್‌ಎಂಸಿಯ ಪಾಲುದಾರಿಕೆಯ ಚಿಪ್ ಕಾರ್ಖಾನೆಗೆ 2024ರ ಆಗಸ್ಟ್‌ನಲ್ಲಿ ಅಡಿಗಲ್ಲು ಬಿತ್ತು; ಹೊರದೇಶಗಳ ಎಂಜಿನಿಯರುಗಳಿಲ್ಲದೆ ಅಂಥ ಕಾರ್ಖಾನೆ ನಡೆಯುವುದು ಕಷ್ಟ.

ಬೀದಿಯಲ್ಲಿ ನನಗೆ ವೈಯಕ್ತಿಕವಾಗಿ ಅವಮಾನವಾದ ಪ್ರಸಂಗಗಳು ವಿರಳ. ಆದರೆ ಇದನ್ನು ಎಲ್ಲ ಭಾರತೀಯರ ಅನುಭವವೆಂದು ದಯವಿಟ್ಟು ತಿಳಿಯಬೇಡಿ. ಬ್ಲೂ ಕಾರ್ಡ್ (ಹೊರದೇಶಗಳ ನುರಿತ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಹಿಡಿದು, ಕಚೇರಿಯಲ್ಲಿ ಇಂಗ್ಲಿಷ್ ಮಾತನಾಡಿಕೊಂಡು ಇರುವವನ ಜರ್ಮನಿ ಒಂದು. ರಾತ್ರಿ ಹನ್ನೊಂದಕ್ಕೆ ಸೈಕಲ್ಲಿನಲ್ಲಿ ಊಟದ ಪೊಟ್ಟಣ ತಲುಪಿಸುತ್ತಾ ಓದುವ ವಿದ್ಯಾರ್ಥಿಯ ಜರ್ಮನಿ ಬೇರೆಯದೇ. ಮನೆ ಹುಡುಕುವಾಗ, ಜಗಳಕ್ಕೆ ನಿಂತ ಕುಡುಕನ ಎದುರಿಗೆ, ತಡರಾತ್ರಿಯ ರೈಲುನಿಲ್ದಾಣದಲ್ಲಿ ಆ ಹುಡುಗರು ನೋಡುವುದನ್ನು ನಮ್ಮಂಥವರು ನೋಡುವುದೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಗುವುದು, ನಾಲ್ಕು ಭಾರತೀಯ ಕುಟುಂಬಗಳು ಸೇರಿದಲ್ಲೆಲ್ಲ, ಪೌರತ್ವದ ಪ್ರಶ್ನೆ. 2024ರ ಜೂನ್ 27ರಂದು ಜಾರಿಗೆ ಬಂದ ಹೊಸ ಕಾನೂನು ಜರ್ಮನ್ ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು ಎಂಟು ವರ್ಷಗಳಿಂದ ಐದಕ್ಕೆ ಇಳಿಸಿತು, ಭಾಷೆ ಮತ್ತು ದುಡಿಮೆಯಲ್ಲಿ ವಿಶೇಷ ಸಾಧನೆ ತೋರಿಸಿದವರಿಗೆ ಮೂರು ವರ್ಷಕ್ಕೇ ಕೊಡುವ ಅವಕಾಶ ಮಾಡಿತು, ಮೂಲ ಪೌರತ್ವವನ್ನು ಉಳಿಸಿಕೊಳ್ಳಲೂ ಒಪ್ಪಿತು. ಮೆರ್ಟ್ಸ್ ಸರ್ಕಾರ ಬಂದ ಮೇಲೆ, 2025ರ ಅಕ್ಟೋಬರ್‌ನಲ್ಲಿ, ಮೂರು ವರ್ಷದ ದಾರಿ ಮುಚ್ಚಿಹೋಯಿತು. ಉಳಿದದ್ದು ಹಾಗೆಯೇ ಇದೆ. ಆದರೆ ಎರಡು ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಜರ್ಮನಿ ಒಪ್ಪಿದರೂ ಭಾರತ ಒಪ್ಪುವುದಿಲ್ಲ. ನಮ್ಮ 1955ರ ಪೌರತ್ವ ಕಾಯ್ದೆಯ 9ನೆಯ ಸೆಕ್ಷನ್ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರನಾದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ಆಮೇಲೆ ಪಾಸ್‌ಪೋರ್ಟ್ ಸರೆಂಡರ್ ಮಾಡಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಪಡೆಯಬಹುದು. ಅದರಿಂದ ಜೀವಮಾನವಿಡೀ ವೀಸಾ ಇಲ್ಲದೆ ಭಾರತಕ್ಕೆ ಬಂದುಹೋಗಬಹುದು, ಮತ ಹಾಕುವಂತಿಲ್ಲ. ಅಪ್ಪನ ಜಮೀನು ಪಾಲಿಗೆ ಬಂದರೆ ಇಟ್ಟುಕೊಳ್ಳಬಹುದು, ಪಕ್ಕದ ಒಂದು ಎಕರೆ ಕೊಳ್ಳುವಂತಿಲ್ಲ.

ನನ್ನ ಪರಿಚಯದಲ್ಲಿ ಈ ಎರಡು ವರ್ಷಗಳಲ್ಲಿ ಜರ್ಮನ್ ಪೌರತ್ವಕ್ಕೆ ಅರ್ಜಿ ಹಾಕಿದವರಲ್ಲಿ ಹೆಚ್ಚಿನವರನ್ನು ದೂಡಿದ್ದು ಈ ನೆಲದ ಮೇಲಿನ ಪ್ರೀತಿಗಿಂತ ಮುಂದಿನ ಚುನಾವಣೆಯ ಭಯವೇ ಎಂದು ನನಗೆ ಅನ್ನಿಸಿದೆ. ವಾಸದ ಪರವಾನಗಿಯ ನಿಯಮಗಳನ್ನು ಮುಂದೆ ಬರುವ ಸರ್ಕಾರ ಬಿಗಿಗೊಳಿಸಬಹುದು, ಆದರೆ ಪೌರತ್ವವನ್ನು ಸುಲಭವಾಗಿ ಕಿತ್ತುಕೊಳ್ಳಲಾಗದು ಎಂಬುದು ಅವರ ಲೆಕ್ಕ. ಅದಕ್ಕೆ ಇನ್ನೊಂದು, ಅಷ್ಟಾಗಿ ಬಾಯಿಬಿಟ್ಟು ಹೇಳದ ಕಾರಣವೂ ಇದೆ: ಊರಿನಲ್ಲಿರುವ ವಯಸ್ಸಾದ ತಂದೆ ತಾಯಿ. ಇಲ್ಲಿನ ಪಿ.ಆರ್. (ಕಾಯಂ ವಾಸದ ಪರವಾನಗಿ) ಪಡೆದವರು ಆರು ತಿಂಗಳಿಗಿಂತ ಹೆಚ್ಚು ಕಾಲ ದೇಶದ ಹೊರಗಿದ್ದರೆ ಅದು ಸಾಮಾನ್ಯವಾಗಿ ರದ್ದಾಗುತ್ತದೆ. ಅಮ್ಮನಿಗೆ ಪಾರ್ಶ್ವವಾಯುವಾಗಿ ಒಂದು ವರ್ಷ ಪಕ್ಕದಲ್ಲಿರಬೇಕಾಗಿ ಬಂದರೆ ಏನು ಮಾಡುವುದು? ವಿಚಿತ್ರವೆಂದರೆ, ಜರ್ಮನ್ ಪೌರನಾದವನು ಒಸಿಐ ಕಾರ್ಡ್ ಹಿಡಿದು ಅಮ್ಮನ ಬಳಿ ಎಷ್ಟು ವರ್ಷ ಬೇಕಾದರೂ ಇದ್ದು ಹಿಂದಿರುಗಬಹುದು, ಭಾರತದ ಪಾಸ್‌ಪೋರ್ಟನ್ನು ಕಾಪಾಡಿಕೊಂಡವನು ಗಡಿಯಾರ ನೋಡಿಕೊಂಡು ಕೂರಬೇಕು. ತಂದೆ ತಾಯಿಯರನ್ನು ಇಲ್ಲಿಗೇ ಕರೆಸಿಕೊಳ್ಳುವ ಅವಕಾಶವನ್ನು 2024ರ ಮಾರ್ಚ್ 1ರ ನಂತರ ಮೊದಲ ಬಾರಿಗೆ ಪರವಾನಗಿ ಪಡೆದ ನುರಿತ ಕೆಲಸಗಾರರಿಗೆ ಕೊಟ್ಟಿದ್ದಾರೆ. ಅದಕ್ಕಿಂತ ಮೊದಲೇ ಬಂದು ವರ್ಷಗಟ್ಟಲೆ ತೆರಿಗೆ ಕಟ್ಟಿದ ನಮಗೆ ಅದು ಅನ್ವಯಿಸುವುದಿಲ್ಲ. ಈ ತರ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೊಸಬರಿಗಾದರೂ ಆ ವಯಸ್ಸಿನವರಿಗೆ ಆರೋಗ್ಯ ವಿಮೆ ಹೊಂದಿಸುವುದೇ ದೊಡ್ಡ ತಲೆನೋವು. ನಾನಿನ್ನೂ ಪೌರತ್ವಕ್ಕೆ ಅರ್ಜಿ ಹಾಕಿಲ್ಲ. ಅದು ದೇಶಪ್ರೇಮವೆಂದು ಯಾರಾದರೂ ಹೊಗಳಿದರೆ ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ತೀರ್ಮಾನವನ್ನು ಮುಂದೂಡುತ್ತಿದ್ದೇನೆ, ಅಷ್ಟೆ.

ಮತದಾನದ ವಿಷಯದಲ್ಲಿ ನಾವು ಎರಡು ಕಡೆಯೂ ಹೊರಗೇ. ಜರ್ಮನಿಯಲ್ಲಿ ಪೌರರಲ್ಲದವರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತವಿಲ್ಲ. ಭಾರತದಲ್ಲಿ 2010ರ ತಿದ್ದುಪಡಿಯ ನಂತರ ಅನಿವಾಸಿಗಳೂ ಮತದಾರರ ಪಟ್ಟಿಗೆ ಸೇರಬಹುದು, ಆದರೆ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಮತಗಟ್ಟೆಗೇ ಬರಬೇಕು. 2024ರ ಲೋಕಸಭಾ ಚುನಾವಣೆಗೆ ಹಾಗೆ ನೋಂದಾಯಿಸಿಕೊಂಡಿದ್ದವರು ಸುಮಾರು 1.19 ಲಕ್ಷ, ಬಂದು ಮತ ಹಾಕಿದವರು 3,000ಕ್ಕೂ ಕಡಿಮೆ, ಅವರಲ್ಲಿ ಬಹುಪಾಲು ಕೇರಳದವರು. ಹಾಗೆಂದು ಊರಿನ ರಾಜಕೀಯದ ಬಗ್ಗೆ ನಮ್ಮವರ ಬಾಯಿಗೆ ಬೀಗವಿದೆ ಎಂದು ತಿಳಿಯಬೇಡಿ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎಲ್ಲರಿಗಿಂತ ಕಟುವಾದ ಮಾತುಗಳು ಬರುವುದು, ಆ ಮಾತುಗಳ ಪರಿಣಾಮವನ್ನು ತಮ್ಮ ಬೀದಿಯಲ್ಲಿ ಎಂದೂ ಎದುರಿಸಬೇಕಾಗಿಲ್ಲದ ನಮ್ಮಂಥವರಿಂದಲೇ. ಇಲ್ಲಿ ಅಲ್ಪಸಂಖ್ಯಾತನಾಗಿ ರಕ್ಷಣೆ ಬಯಸುವವನೇ ಅಲ್ಲಿ ಬಹುಸಂಖ್ಯಾತನಾಗಿ ಗುಡುಗುವುದನ್ನು ನಾನು ಬೇಸರದಿಂದ ನೋಡುತ್ತೇನೆ.

ಭಾರತದ ಘಟನೆಗಳೂ ನಮ್ಮನ್ನು ಇದೇ ರೀತಿ ಸುತ್ತುಬಳಸಿ ಮುಟ್ಟುತ್ತವೆ. 2025ರ ಮೇ 7ರಂದು ಆಪರೇಷನ್ ಸಿಂಧೂರ್ ಆರಂಭವಾಗುವ ಹೊತ್ತಿಗಾಗಲೇ ಯುರೋಪಿನ ಹಲವು ವಿಮಾನಗಳು ಪಾಕಿಸ್ತಾನದ ವಾಯುಪ್ರದೇಶವನ್ನು ತಪ್ಪಿಸಿ ಹಾರತೊಡಗಿದ್ದವು. ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಕದನವಾದಾಗ ಪಶ್ಚಿಮದ ದಾರಿಯೂ ಕಿರಿದಾಯಿತು. ಬೇಸಿಗೆ ರಜೆಗೆ ಊರಿಗೆ ಹೊರಡಬೇಕಿದ್ದ ಕುಟುಂಬಗಳು ಟಿಕೆಟ್ ಹಿಡಿದುಕೊಂಡು ದಿನಕ್ಕೆರಡು ಬಾರಿ ನಕ್ಷೆ ನೋಡುತ್ತಿದ್ದವು.

ಉದ್ಯೋಗದ ವಿಷಯ ಮಾತ್ರ ನೀವು ಗಂಭೀರವಾಗಿ ಯೋಚಿಸಬೇಕಾದದ್ದು. ಫೋಕ್ಸ್‌ವ್ಯಾಗನ್ 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆಗಳನ್ನು ಕಡಿಮೆ ಮಾಡುವ ಒಪ್ಪಂದವನ್ನು 2024ರ ಡಿಸೆಂಬರ್‌ನಲ್ಲಿ ಕಾರ್ಮಿಕ ಸಂಘದೊಂದಿಗೆ ಮಾಡಿಕೊಂಡಿತು; ಬಾಷ್ 2025ರ ಸೆಪ್ಟೆಂಬರ್‌ನಲ್ಲಿ 13,000 ಹುದ್ದೆಗಳ ಕಡಿತ ಪ್ರಕಟಿಸಿತು. ಕಾರು ಉದ್ಯಮವನ್ನು ನಂಬಿರುವ ನಮ್ಮ ಭಾಗದಲ್ಲಿ ಹೊಸ ನೇಮಕಾತಿ ಬಹಳ ನಿಧಾನವಾಗಿದೆ. ಕೆಲಸ ಹೋದರೂ, ಕನಿಷ್ಠ ಹನ್ನೆರಡು ತಿಂಗಳು ವಿಮೆ ಕಟ್ಟಿದ್ದರೆ ನಿವ್ವಳ ಸಂಬಳದ ಶೇ. 60ರಷ್ಟು, ಮಕ್ಕಳಿದ್ದರೆ ಶೇ. 67ರಷ್ಟು ನಿರುದ್ಯೋಗ ಭತ್ಯೆ ಸಿಗುತ್ತದೆ. ಅಮೆರಿಕದಲ್ಲಿ ಎಚ್‌-1ಬಿ ವೀಸಾದ ಮೇಲಿರುವವರು ಕೆಲಸ ಕಳೆದುಕೊಂಡರೆ ಸಿಗುವುದು 60 ದಿನ. ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರುವ ಆದೇಶವೂ 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಬಂದಿದೆ. ಆ ವಾರವೇ ದೆಹಲಿಯ ಜರ್ಮನ್ ರಾಯಭಾರಿ ಭಾರತೀಯರನ್ನು ತಮ್ಮ ದೇಶಕ್ಕೆ ಆಹ್ವಾನಿಸುವ ವೀಡಿಯೊ ಹಾಕಿದ್ದನ್ನು ನೀವೂ ನೋಡಿರಬಹುದು. ಆಹ್ವಾನ ನಿಜ, ಆದರೆ ಅದನ್ನು ನಂಬಿ ಬಂದವರು ಪರವಾನಗಿ ನವೀಕರಣಕ್ಕೆ ಅನೇಕ ನಗರಗಳಲ್ಲಿ ತಿಂಗಳುಗಟ್ಟಲೆ ಕಾಯುತ್ತಾ, ತಾತ್ಕಾಲಿಕ ಪತ್ರವೊಂದನ್ನು ಹಿಡಿದುಕೊಂಡು, ಅದರಲ್ಲಿ ಊರಿಗೆ ಹೋಗಿಬರಬಹುದೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳುತ್ತಿರುತ್ತಾರೆ.

ಹಾಗಾದರೆ ಬರಬೇಕೇ? ಕೈಯಲ್ಲಿ ಉದ್ಯೋಗದ ಪತ್ರವಿದ್ದರೆ ಬನ್ನಿ. ಉದ್ಯೋಗ ಹುಡುಕುವ ವೀಸಾದ ಮೇಲೆ, ಸಾಲ ಮಾಡಿ, ಈ ವರ್ಷ ಬರುವುದನ್ನು ನಾನು ಒಪ್ಪುವುದಿಲ್ಲ. ಬರುವ ಮೊದಲೇ ಜರ್ಮನ್ ಕಲಿಯಲು ಆರಂಭಿಸಿ. ಬ್ಲೂ ಕಾರ್ಡ್ ಇರುವವರಿಗೆ ಎ1 ಮಟ್ಟದ (ಆರಂಭಿಕ) ಭಾಷೆಯಿದ್ದರೆ 27 ತಿಂಗಳಿಗೆ, ಬಿ1 (ಮಧ್ಯಮ) ಮಟ್ಟವಿದ್ದರೆ 21 ತಿಂಗಳಿಗೆ ಪಿ.ಆರ್. ಸಿಗುತ್ತದೆ. ಕೆಲಸ ಅಲುಗಾಡುತ್ತಿರುವ ಈ ಕಾಲದಲ್ಲಿ ಆ ಆರು ತಿಂಗಳ ವ್ಯತ್ಯಾಸ ಬಹಳ ದೊಡ್ಡದು, ಏಕೆಂದರೆ ಪಿ.ಆರ್. ಕೈಗೆ ಬಂದ ಮೇಲೆ ನಿಮ್ಮ ವಾಸದ ಹಕ್ಕು ಒಂದು ಕಂಪನಿಯ ಸಂಬಳದ ಚೀಟಿಗೆ ಕಟ್ಟಿಹಾಕಿಕೊಂಡಿರುವುದಿಲ್ಲ.