ಮುಂದಿನ 20 ವರ್ಷದಲ್ಲಿ ಯಾವ ಕೆಲಸಕ್ಕೆ ಜನ ಸಾಲುವುದಿಲ್ಲ? ನರ್ಸಿಂಗ್, ಬಿ.ಎಡ್., ಕಂಪ್ಯೂಟರ್: ಮಗಳಿಗೆ ಯಾವುದು ಒಳ್ಳೆಯದು?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಕೇಳಿದ್ದೀರಿ, ಮಗಳು ಪ್ಲಸ್ ಟು ಮುಗಿಸುತ್ತಿದ್ದಾಳೆ ಎಂದಿದ್ದೀರಿ. ನಾನು ಬದಿಯಡ್ಕದ ಕಡೆಯವಳು, ಹೈಯರ್ ಸೆಕೆಂಡರಿಯಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ರಿಸಲ್ಟ್ ಬಂದ ಮೇಲೆ ತಂದೆತಾಯಿ ನನ್ನ ಹತ್ತಿರ ಕೇಳುವುದೂ ಇದನ್ನೇ.

ಇಂಥ ಅಂದಾಜುಗಳಲ್ಲಿ ಎರಡು ಬಗೆಯ ಲೆಕ್ಕ ಸೇರಿಕೊಂಡಿರುತ್ತದೆ. ಒಂದು, ಜನರ ವಯಸ್ಸಿನ ಲೆಕ್ಕ. 2045ರಲ್ಲಿ 60 ದಾಟುವವರೆಲ್ಲ ಆಗಲೇ ಹುಟ್ಟಿ ನಮ್ಮ ನಡುವೆ ಓಡಾಡುತ್ತಿದ್ದಾರೆ, ಎಣಿಸಬಹುದು. ಇನ್ನೊಂದು, ಯಾವ ಯಂತ್ರ ಬರುತ್ತದೆ, ಯಾವ ಉದ್ಯಮ ಬೆಳೆಯುತ್ತದೆ ಅನ್ನುವ ಊಹೆ. ಮೊದಲನೆಯದನ್ನು ನಂಬಿ. ಎರಡನೆಯದನ್ನು ತುಂಬಾ ದೂರ ನಂಬಬೇಡಿ. ಎಐ ಕ್ಷೇತ್ರದ ದೊಡ್ಡ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ, ಇನ್ನು ಎಕ್ಸ್‌ರೇ, ಸ್ಕ್ಯಾನ್ ನೋಡಿ ರೋಗ ಹೇಳುವ ರೇಡಿಯಾಲಜಿಸ್ಟ್‌ಗಳನ್ನು ತಯಾರು ಮಾಡುವುದು ನಿಲ್ಲಿಸಿ, ಐದು ವರ್ಷದಲ್ಲಿ ಕಂಪ್ಯೂಟರೇ ಅವರಿಗಿಂತ ಚೆನ್ನಾಗಿ ನೋಡುತ್ತದೆ ಎಂದಿದ್ದರು. ಇವತ್ತಿಗೂ ಎಷ್ಟೋ ದೇಶಗಳಲ್ಲಿ ರೇಡಿಯಾಲಜಿಸ್ಟ್‌ಗಳು ಸಾಲುತ್ತಿಲ್ಲ. ಅಷ್ಟು ತಿಳಿದವರ ಊಹೆಯೇ ಹೀಗಾದರೆ, ಕೋರ್ಸ್ ಮಾರುವವರ ಜಾಹೀರಾತಿನ ಮಾತು ಎಷ್ಟು ನಂಬಬಹುದು, ನೀವೇ ನೋಡಿ.

ವಯಸ್ಸಿನ ಲೆಕ್ಕ ನರ್ಸಿಂಗ್ ಕಡೆಗೇ ಇದೆ. 2011ರ ಜನಗಣತಿಯಲ್ಲಿ ಕೇರಳದಲ್ಲಿ 60 ದಾಟಿದವರು ನೂರಕ್ಕೆ 12.6. 2031ಕ್ಕೆ ಸುಮಾರು 21 ಆಗುತ್ತದೆ ಅನ್ನುವುದು ಸರ್ಕಾರದ ಅಂದಾಜು. ಮಕ್ಕಳು ದುಬೈಯಲ್ಲೋ ಬೆಂಗಳೂರಲ್ಲೋ ಇದ್ದು, ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ನಿಮ್ಮ ಊರಲ್ಲೂ ಇವೆ ಅಲ್ವಾ? ಹೊರಗೂ ಇದೇ ಕಥೆ. 2030ರಲ್ಲೂ ಜಗತ್ತಿಗೆ ಸುಮಾರು 41 ಲಕ್ಷ ನರ್ಸ್‌ಗಳು ಕಮ್ಮಿ ಬೀಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿದೆ.

ಆದರೆ ಇಲ್ಲೊಂದು ಕಡೆ ಜನ ಎಡವುತ್ತಾರೆ. ಕೆಲಸಕ್ಕೆ ಜನ ಬೇಕು ಅಂದ ಮಾತ್ರಕ್ಕೆ ಸಂಬಳ ಒಳ್ಳೆಯದಿರುತ್ತದೆ ಅಂತಿಲ್ಲ. ಇದೇ ಕೇರಳದಲ್ಲಿ 2017ರಲ್ಲಿ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ಬೀದಿಗಿಳಿಯಬೇಕಾಯಿತು. ತಿಂಗಳಿಗೆ ಕನಿಷ್ಠ 20,000 ರೂಪಾಯಿ ಅನ್ನುವ ಒಪ್ಪಂದ ಆದದ್ದು ಆ ಹೋರಾಟದಿಂದ. ರೋಗಿಗಳು ಎಷ್ಟೇ ಇರಲಿ, ದುಡ್ಡು ಕೊಡುವವರು ಯಾರು ಅನ್ನುವುದನ್ನೂ ನೋಡಬೇಕು. ಹಾಗಾಗಿ ನರ್ಸಿಂಗ್ ಸೇರಿದರೆ ಮೊದಲ ವರ್ಷದಿಂದಲೇ ಒಂದು ಹೊರದೇಶದ ಭಾಷೆ ಕಲಿಯಲಿ. ಹೊರದೇಶಕ್ಕೆ ಹೋಗುವವರಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್, ಜರ್ಮನಿಯ ಜೊತೆ ಟ್ರಿಪಲ್ ವಿನ್ ಅನ್ನುವ ಯೋಜನೆಗೆ 2021ರ ಕೊನೆಯಲ್ಲಿ ಸಹಿ ಹಾಕಿತು. ನರ್ಸ್‌ಗಳನ್ನು ಅಲ್ಲಿಗೆ ಕಳಿಸುವ ಸರ್ಕಾರಿ ದಾರಿ ಅದು. ಏಜೆಂಟರ ಕೈಗೆ ಲಕ್ಷಗಟ್ಟಲೆ ಸುರಿಯುವ ಮೊದಲು ನೋರ್ಕಾದಲ್ಲಿ ವಿಚಾರಿಸಿ, ದಯವಿಟ್ಟು.

ಬಿ.ಎಡ್. ವಿಷಯ ಬರೆಯುವಾಗ ಮನಸ್ಸಿಗೆ ಬೇಜಾರಾಗುತ್ತದೆ. ಹತ್ತು ಹನ್ನೆರಡು ವರ್ಷದ ಹಿಂದೆ ಕೇರಳದಲ್ಲಿ ವರ್ಷಕ್ಕೆ 5 ಲಕ್ಷಕ್ಕೂ ಜಾಸ್ತಿ ಮಕ್ಕಳು ಹುಟ್ಟುತ್ತಿದ್ದರು. ಈಗ 4 ಲಕ್ಷಕ್ಕೂ ಕಮ್ಮಿ. ಅಷ್ಟು ಮಕ್ಕಳು ಕಮ್ಮಿಯಾದರೆ ಮೊದಲು ಒಂದನೇ ತರಗತಿ, ಆಮೇಲೆ ಒಂದೊಂದೇ ತರಗತಿ ಸಣ್ಣದಾಗುತ್ತಾ ಬರುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾಗಿ ಆರನೇ ದಿನ ತಲೆ ಎಣಿಸುತ್ತಾರೆ, ಆ ಲೆಕ್ಕದ ಮೇಲೆ ಟೀಚರ್ ಹುದ್ದೆ ನಿಲ್ಲುತ್ತದೆ ಅಥವಾ ಹೋಗುತ್ತದೆ. ತರಗತಿಯ ಒಂದು ಡಿವಿಷನ್ (ಎ, ಬಿ ಅಂತ ಇರುವ ವಿಭಾಗ) ಹೋಯಿತು ಅಂದರೆ ಒಂದು ಕೆಲಸ ಹೋಯಿತು.

ನಮ್ಮ ಕಾಸರಗೋಡಿನ ಕನ್ನಡ ಮೀಡಿಯಂ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ಮಕ್ಕಳೂ ಕಮ್ಮಿ, ಕನ್ನಡದಲ್ಲಿ ಗಣಿತ, ವಿಜ್ಞಾನ ಕಲಿಸಬಲ್ಲವರೂ ಕಮ್ಮಿ. 2013ರ ಏಪ್ರಿಲ್‌ಗೆ ಮೊದಲು ಸರ್ಕಾರಿ ಕೆಲಸಕ್ಕೆ ಸೇರಿದವರು 56ಕ್ಕೆ ನಿವೃತ್ತರಾಗುತ್ತಾರೆ. ಆ ತಲೆಮಾರು ಒಬ್ಬೊಬ್ಬರಾಗಿ ಹೊರಟಿದೆ. ಕನ್ನಡ ಬಾರದವರನ್ನು ನಮ್ಮ ಶಾಲೆಗಳಿಗೆ ನೇಮಿಸಿ, ಮಕ್ಕಳೂ ಹೆತ್ತವರೂ ಪ್ರತಿಭಟನೆ ಮಾಡಿದ್ದು ನಿಮಗೆ ಗೊತ್ತೇ ಇದೆ. ಹಾಗಾಗಿ ನಿಮ್ಮ ಮಗಳು ಕನ್ನಡ ಮೀಡಿಯಂನಲ್ಲಿ ಓದಿ, ಗಣಿತ ಇಷ್ಟ ಅನ್ನುವವಳಾದರೆ, ನಾನಂತೂ ಬೇಡ ಅನ್ನುವುದಿಲ್ಲ. ನಮಗೆ ಅಂಥವರು ಬೇಕು. ಹುದ್ದೆಗಳು ಬೆರಳೆಣಿಕೆಯಷ್ಟು ಅನ್ನುವುದು ಮಾತ್ರ ತಿಳಿದಿರಲಿ.

ಕಂಪ್ಯೂಟರ್ ಬಗ್ಗೆ ಕಮ್ಮಿ ಹೇಳುತ್ತೇನೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1970ರ ದಶಕದಲ್ಲೇ ಎಂಜಿನಿಯರ್‌ಗಳ ವಿಷಯದಲ್ಲಿ ತೋರಿಸಿದ್ದು ಇದು: ಕೊರತೆ ಇದ್ದಾಗ ಸಂಬಳ ಏರುತ್ತದೆ, ಎಲ್ಲರೂ ಅದನ್ನೇ ಸೇರುತ್ತಾರೆ, ನಾಲ್ಕು ವರ್ಷ ಕಳೆದು ಎಲ್ಲರೂ ಒಟ್ಟಿಗೆ ಹೊರಗೆ ಬರುತ್ತಾರೆ, ಆಗ ಸಂಬಳ ಇಳಿಯುತ್ತದೆ. ನಮ್ಮಲ್ಲೂ ಎಂಜಿನಿಯರಿಂಗ್ ಕಾಲೇಜುಗಳು ಸಾಲು ಸಾಲಾಗಿ ಎದ್ದು, ಆಮೇಲೆ ಸೀಟು ತುಂಬದೆ ಕೆಲವು ಬಾಗಿಲು ಹಾಕಿದವು. ಇವತ್ತು ಎಲ್ಲರೂ ಹೇಳುವ ಕೋರ್ಸ್ ಅಂದರೆ ನನಗೆ ಅದಕ್ಕೇ ಅನುಮಾನ. ಅವಳಿಗೆ ಮನಸ್ಸಿದ್ದರೆ ಸೇರಲಿ, ಸುಮ್ನೆ ಪಕ್ಕದ ಮನೆಯವರು ಸೇರಿದರು ಅಂತ ಬೇಡ.

ನೀವು ಕೇಳದ ಒಂದು ಕೆಲಸವಿದೆ. ನಮ್ಮ ತೋಟಗಳಲ್ಲಿ ಅಡಕೆ ಮರ ಹತ್ತುವವರು ಈಗಲೇ ಸಿಗುತ್ತಿಲ್ಲ. ಮಳೆಗಾಲದಲ್ಲಿ ಹೊತ್ತಿಗೆ ಸರಿಯಾಗಿ ಮದ್ದು ಬಿಡದಿದ್ದರೆ ಕೊಳೆರೋಗಕ್ಕೆ ಫಸಲು ಹೋಗುತ್ತದೆ. ಹತ್ತುವವರಿಗೆ ವಯಸ್ಸಾಯಿತು, ಅವರ ಮಕ್ಕಳು ಹತ್ತುವುದಿಲ್ಲ. ಆ ಜಾಗಕ್ಕೆ ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಹಗುರವಾದ ಉದ್ದ ಕೋಲು ಬಂದಿದೆ, ನೆಲದಲ್ಲೇ ನಿಂತು ಮದ್ದು ಬಿಡುತ್ತಾರೆ, ಕೊಯ್ಲೂ ಮಾಡುತ್ತಾರೆ. ದೋಟಿ ಪಳಗಿದ ಹುಡುಗರಿಗೆ ಸೀಸನ್‌ನಲ್ಲಿ ಬಿಡುವೇ ಇರುವುದಿಲ್ಲ.

ಮೂರರಲ್ಲಿ ಒಂದನ್ನು ಹೇಳಿ ಅಂದರೆ ನರ್ಸಿಂಗ್ ಅನ್ನುತ್ತೇನೆ, ಅವಳಿಗೆ ಒಪ್ಪಿಗೆ ಇದ್ದರೆ ಮಾತ್ರ. ಫಾರ್ಮ್ ತುಂಬುವ ಮೊದಲು ಕೆಲಸದಲ್ಲಿರುವ ಒಬ್ಬ ನರ್ಸ್ ಜೊತೆ ಅವಳು ಮಾತಾಡಲಿ. ರಾತ್ರಿ ಪಾಳಿ ಹೇಗಿರುತ್ತದೆ, ಕೈಗೆ ಎಷ್ಟು ಸಂಬಳ ಬರುತ್ತದೆ, ಎರಡನ್ನೂ ಕೇಳಲಿ.